ಚಮಚ ಸಕ್ಕರೆಯಷ್ಟು ಹಗುರದ ದೊರೆ

ಒಂದು ಟೀ ಚಮಚ ಸಕ್ಕರೆ ಎಷ್ಟು ತೂಗುತ್ತದೆ? ಸುಮಾರು 4 ಗ್ರಾಂ. ಮಕ್ಕಳೇ, ಹೆಚ್ಚುಕಡಿಮೆ ಅಷ್ಟೇ ತೂಕದ ಹಕ್ಕಿಯೊಂದು ದಕ್ಷಿಣ ಅಮೆರಿಕದ ಅಮೆಜಾನ್ ಮಳೆಕಾಡಿನಲ್ಲಿದೆ. ಅದರ ಉದ್ದ ಆರೂವರೆ ಸೆಂಟಿಮೀಟರ್, ಅಂದರೆ ನಿಮ್ಮ ತಾತನ ಹೆಬ್ಬೆರಳಿನಷ್ಟು!

ಹೆಸರು ಮಾತ್ರ ಭಾರೀ ಜೋರು: ಮೋಟುಬಾಲದ ಪಿಗ್ಮಿ ಟೈರಂಟ್. ಟೈರಂಟ್ ಎಂದರೆ ದಬ್ಬಾಳಿಕೆಯ ದೊರೆ. ಇದರ ಬಳಗದಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ಕೆಲವು ಜಾತಿಗಳು ಗೂಡಿನ ಹತ್ತಿರ ಬಂದ ಗಿಡುಗವನ್ನೂ ಅಟ್ಟಿಸಿಕೊಂಡು ಹೋಗುತ್ತವೆ. ಆ ಜಗಳಗಂಟ ನೆಂಟರ ಹೆಸರು ಈ ಪುಟಾಣಿಗೂ ಅಂಟಿಕೊಂಡಿತು.

ಹಸಿರು ಬೆನ್ನು, ಬೂದು ತಲೆ, ಕಣ್ಣಿನ ಸುತ್ತ ಕನ್ನಡಕ ಇಟ್ಟಂತೆ ಬಿಳಿ ಗುರುತು. ಬಾಲ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಹಾರಿದರೆ ದೊಡ್ಡ ಜೀರುಂಡೆ ಹೋದಂತೆ ಕಾಣುತ್ತದೆ. ಗುಬ್ಬಿ, ಕಾಗೆ, ಟುವ್ವಿ ಎಲ್ಲ ಸೇರುವ ದೊಡ್ಡ ಗಣದಲ್ಲಿ ಅತಿ ಚಿಕ್ಕವುಗಳ ಸಾಲಿಗೆ ಸೇರಿದ ಹಕ್ಕಿ ಇದು.

ಊಟಕ್ಕೇನು? ಹುಳಹುಪ್ಪಟೆ. ಹುಳುಗಳು ಎಲೆಯ ಅಡಿಯಲ್ಲಿ ಅಡಗುತ್ತವಲ್ಲ, ಹಕ್ಕಿ ಕೆಳಗಿನ ರೆಂಬೆಯಲ್ಲಿ ಕುಳಿತು ಮೇಲೆ ನೋಡುತ್ತದೆ. ಹುಳು ಕಂಡ ಕೂಡಲೇ ಚಂಗನೆ ನೆಗೆದು ಕೊಕ್ಕಿನಲ್ಲಿ ಕಚ್ಚಿ, ಮುಂದಿನ ರೆಂಬೆಗೆ ಹಾರುತ್ತದೆ.

ಇದನ್ನು ಹುಡುಕುವುದು ಕಷ್ಟ. ಎಲೆಗಳ ನಡುವೆ ಕಣ್ಣಿಗೆ ಬೀಳದು. ಕೂಗು ಕೇಳಿದವರು ಕೀಟವೋ ಕಪ್ಪೆಯೋ ಎಂದುಕೊಂಡು ಮುಂದೆ ನಡೆಯುತ್ತಾರೆ. ಈಗಂತೂ ಇದು ಅಳಿವಿನ ಅಂಚಿನಲ್ಲಿಲ್ಲ. ಆದರೆ ಅಮೆಜಾನ್ ಕಾಡನ್ನು ಹುಲ್ಲುಗಾವಲಿಗೆಂದು, ಸೋಯಾ ಬೆಳೆಗೆಂದು ಕಡಿಯುತ್ತಲೇ ಇದ್ದಾರೆ. ಎಲೆ ಹೋದರೆ ಹುಳು ಹೋಯಿತು, ಹುಳು ಹೋದರೆ ಹಕ್ಕಿ ಹೋಯಿತು. ಇದ್ದಾಗಲೇ ಕಾಣದ ಹಕ್ಕಿ ಇಲ್ಲವಾದರೆ ಯಾರಿಗೆ ಗೊತ್ತಾದೀತು?

ಅಮೆಜಾನ್ ದೂರ, ನಿಜ. ನಮ್ಮ ಹಿತ್ತಲ ದಾಸವಾಳದ ಗಿಡದಲ್ಲೂ ಹುಳು ಹೆಕ್ಕುವ ಪುಟ್ಟ ಟುವ್ವಿ ಇದ್ದೀತು. ಈ ಭಾನುವಾರ ಬೆಳಿಗ್ಗೆ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ವಯಸ್ಸಾದಂತೆ ಸಣ್ಣ, ಕೀರಲು ದನಿಗಳು ಕಿವಿಗೆ ಬೀಳುವುದು ಕಡಿಮೆ. ಅದನ್ನು ನೀವು ಕೇಳಿ ಹೇಳಿ. ಯಾವ ಹಕ್ಕಿಯಿರಬಹುದು, ಮೊದಲು ಎಷ್ಟಿದ್ದವು ಎಂಬುದನ್ನು ಅವರು ಹೇಳಲಿ.