ಅಧ್ಯಾಪಕರ ಮುಪ್ಪು ಮತ್ತು ಮುಂಡಶ್ಶೇರಿಯವರ ಋಣ

ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿದಾಗ ಹೊರಬರುವ ಸಂಚಿಕೆಯಲ್ಲಿ ಯಾರ ಯಾರ ಸ್ಮರಣೆ ನಡೆಯಬೇಕೆಂಬುದಕ್ಕೆ ನಮ್ಮ ಕಾಸರಗೋಡಿನಲ್ಲಿ ಒಂದು ಕ್ರಮವೇ ಬಿದ್ದುಹೋಗಿದೆ. ಸ್ಥಳದಾನ ಮಾಡಿದ ಮನೆತನ, ಮುಳಿಹುಲ್ಲಿನ ಮಾಡಿನಡಿಯಲ್ಲಿ ಮೊದಲ ತರಗತಿ ನಡೆಸಿದ ಹಿರಿಯರು, ವ್ಯವಸ್ಥಾಪಕರು, ಮುಖ್ಯೋಪಾಧ್ಯಾಯರು, ಕಲ್ಲು ಹೆಂಚು ಒದಗಿಸಿದ ದಾನಿಗಳು, ಇವರೆಲ್ಲರ ಭಾವಚಿತ್ರಗಳು ಮೊದಲ ಪುಟಗಳಲ್ಲಿ ಬರುತ್ತವೆ. ಅದು ಯೋಗ್ಯವೇ ಸರಿ. ಆದರೆ ಈ ಶಾಲೆಗಳಲ್ಲಿ ಆಯುಷ್ಯವನ್ನು ಸವೆಸಿದ ಅಧ್ಯಾಪಕರಿಗೆ ತಿಂಗಳು ತಿಂಗಳೂ ಸಂಬಳವೂ, ನಿವೃತ್ತಿಯಾದ ಮೇಲೆ ಉಣ್ಣುವುದಕ್ಕೊಂದು ಆಧಾರವೂ ದೊರೆಯುವಂತೆ ಶಾಸನದಲ್ಲಿ ಬರೆಯಿಸಿದವರೊಬ್ಬರಿದ್ದರು. ಅವರು ಕನ್ನಡಿಗರಲ್ಲ, ನಮ್ಮ ಊರಿನವರಲ್ಲ, ನಮ್ಮ ಹೋರಾಟಗಳಲ್ಲಿ ಭಾಗಿಯಾದವರೂ ಅಲ್ಲ. ಪ್ರೊ. ಜೋಸೆಫ್ ಮುಂಡಶ್ಶೇರಿ ಎಂಬ ಆ ಹೆಸರಿಗೆ ನಮ್ಮ ಕನ್ನಡ ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಒಂದಿಷ್ಟು ಜಾಗ ಸಲ್ಲಬೇಕೆಂಬುದು ಈ ಬರಹದ ಅಭಿಪ್ರಾಯ.

ಮುಂಡಶ್ಶೇರಿಯವರು 1903ರಲ್ಲಿ ತೃಶ್ಶೂರಿನ ಸಮೀಪದ ಕಂಡಶ್ಶಾಂಕಡವಿನಲ್ಲಿ ಜನಿಸಿದರು. 1977ರ ಅಕ್ಟೋಬರ್ 25ರಂದು ಅಗಲಿದರು. ಮಲೆಯಾಳಿಗಳಿಗೆ ಅವರು ಮೊದಲಿಗೆ ಸಾಹಿತ್ಯ ವಿಮರ್ಶಕರು. ತೃಶ್ಶೂರಿನ ಸಂತ ಥಾಮಸ್ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಹೇಳಿದವರು. ಖಾಸಗಿ ಕಾಲೇಜಿನ ಅಧ್ಯಾಪಕನ ಪಾಡನ್ನೇ ವಸ್ತುವಾಗಿಸಿ 'ಪ್ರೊಫೆಸರ್' ಎಂಬ ಕಾದಂಬರಿಯನ್ನೂ ಬರೆದವರು. 1957ರ ಏಪ್ರಿಲ್ 5ರಂದು ಅಧಿಕಾರ ಸ್ವೀಕರಿಸಿದ ಇ.ಎಂ.ಎಸ್. ನಂಬೂದಿರಿಪ್ಪಾಡರ ಸಂಪುಟದಲ್ಲಿ ವಿದ್ಯಾಮಂತ್ರಿಯಾದಾಗ ಅವರಿಗೆ ಐವತ್ತಮೂರು ವಯಸ್ಸು. ಅಧ್ಯಾಪಕರಾಗಿಯೇ ಉಳಿದಿದ್ದರೆ ನಿವೃತ್ತಿಯ ಹೊಸ್ತಿಲಲ್ಲಿ ನಿಲ್ಲುವ ಪ್ರಾಯ. ತನ್ನ ವೃತ್ತಿಬಾಂಧವರ ಮುಪ್ಪನ್ನು ಹತ್ತಿರದಿಂದ ಕಂಡವರೇ ಅದರ ಕುರಿತು ಶಾಸನ ಬರೆಯುವ ಸ್ಥಾನಕ್ಕೆ ಬಂದುದು ಅಪರೂಪದ ಯೋಗ.

ಆ ಕಾಲದ ಖಾಸಗಿ ಶಾಲೆಯ ಅಧ್ಯಾಪಕನ ಬದುಕು ಹೇಗಿತ್ತೆಂದು ಇಂದಿನ ತರುಣರಿಗೆ ಹೇಳಿದರೆ ನಂಬುವುದು ಕಷ್ಟ. ಸ್ವತಃ ಅಧ್ಯಾಪಕರಾಗಿದ್ದ ಕಾರೂರು ನೀಲಕಂಠ ಪಿಳ್ಳೆಯವರು 'ಪೊದಿಚ್ಚೋರ್' ಎಂಬ ಕತೆಯಲ್ಲಿ ಶಾಲಾಬಾಲಕನ ಬುತ್ತಿಯನ್ನು ಹಸಿವು ತಾಳಲಾರದೆ ಕದ್ದು ಉಂಡ ಅಧ್ಯಾಪಕನನ್ನು ಚಿತ್ರಿಸಿದ್ದಾರೆ. ಅದು ಕಟ್ಟುಕತೆಯಾದರೂ ಆ ಹಸಿವು ಕಟ್ಟುಕತೆಯಲ್ಲ. ಸರಕಾರದ ಅನುದಾನ ಶಾಲೆಯ ಆಡಳಿತದ ಕೈಗೆ ಬರುತ್ತಿತ್ತು. ಅಲ್ಲಿಂದ ಅಧ್ಯಾಪಕನ ಕೈಗೆ ಎಷ್ಟು ಇಳಿಯುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಆಡಳಿತದವರ ಮನಸ್ಸನ್ನು ಅವಲಂಬಿಸಿತ್ತು. ಪೂರ್ಣ ಸಂಬಳಕ್ಕೆ ಸಹಿ ಹಾಕಿ ಅರೆಸಂಬಳ ಪಡೆದು ಮನೆಗೆ ಹೋದವರ ಮಾತುಗಳನ್ನು ಹಿರಿಯರ ಬಾಯಿಂದ ನಾವೆಲ್ಲ ಕೇಳಿದ್ದೇವೆ. ಎಲ್ಲ ವ್ಯವಸ್ಥಾಪಕರೂ ಹಾಗಿದ್ದರೆಂದಲ್ಲ. ತಮ್ಮ ಮನೆಯ ಭತ್ತವನ್ನು ಅಳೆದು ಕೊಟ್ಟು ಅಧ್ಯಾಪಕರನ್ನು ಸಾಕಿದ ಪುಣ್ಯಾತ್ಮರೂ ಇದ್ದರು. ಆದರೆ ಒಬ್ಬನ ವಾರ್ಧಕ್ಯವು ಇನ್ನೊಬ್ಬನ ಪುಣ್ಯಬುದ್ಧಿಯ ಮೇಲೆ ನಿಂತಿರುವುದು ವ್ಯವಸ್ಥೆಯೆನಿಸದು.

1957ರ ಕೇರಳ ಶಿಕ್ಷಣ ಮಸೂದೆಯು ಈ ಸಂಬಂಧವನ್ನು ಬುಡಸಮೇತ ಬದಲಿಸಿತು. ಅದರ 9ನೆಯ ಕಲಮಿನಂತೆ ಅನುದಾನಿತ ಶಾಲೆಯ ಅಧ್ಯಾಪಕರ ಸಂಬಳವನ್ನು ಸರಕಾರವೇ ನೇರವಾಗಿ ಅಥವಾ ಮುಖ್ಯೋಪಾಧ್ಯಾಯರ ಮೂಲಕ ಸಲ್ಲಿಸತಕ್ಕದ್ದು. 12ನೆಯ ಕಲಮಿನಂತೆ ಸರಕಾರಿ ಶಾಲೆಯ ಅಧ್ಯಾಪಕರ ವೇತನಶ್ರೇಣಿಯೇ ಇವರಿಗೂ ಅನ್ವಯಿಸತಕ್ಕದ್ದು. ನಿವೃತ್ತಿ ವೇತನ, ಭವಿಷ್ಯನಿಧಿ, ನಿವೃತ್ತಿಯ ವಯಸ್ಸು ಮುಂತಾದ ಸೇವಾನಿಯಮಗಳನ್ನೂ ಸರಕಾರಿ ಅಧ್ಯಾಪಕರ ಸಾಲಿಗೆ ತರುವುದೇ ಇದರ ಉದ್ದೇಶ. ಮೇಲಧಿಕಾರಿಯ ಪೂರ್ವಾನುಮತಿಯಿಲ್ಲದೆ ಅಧ್ಯಾಪಕನನ್ನು ವಜಾ ಮಾಡುವಂತಿಲ್ಲವೆಂಬ ರಕ್ಷಣೆಯೂ ಅಲ್ಲಿಯೇ ಇತ್ತು. ಈ ಕೊನೆಯ ಮಾತು ನಿವೃತ್ತಿ ವೇತನದಷ್ಟೇ ಮುಖ್ಯ. ಮೂವತ್ತು ವರ್ಷ ಸೇವೆ ಮಾಡಲು ಬಿಟ್ಟರಲ್ಲವೇ ಮೂವತ್ತು ವರ್ಷದ ನಿವೃತ್ತಿ ವೇತನ?

ಮುಂದಿನ ಕತೆ ಸರ್ವವೇದ್ಯ. ರಾಷ್ಟ್ರಪತಿಗಳು ಮಸೂದೆಯನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ನೇತೃತ್ವದ ಪೀಠವು 1958ರ ಮೇ ತಿಂಗಳಲ್ಲಿ ಅಭಿಪ್ರಾಯ ನೀಡಿತು. ಶಾಲೆಗಳನ್ನು ಸರಕಾರ ವಶಪಡಿಸಿಕೊಳ್ಳುವ ಕಲಮುಗಳು ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆ ತರುತ್ತವೆಂದು ಪೀಠ ಕಂಡಿತು. ಸಂಬಳ ಮತ್ತು ಸೇವಾನಿಯಮಗಳ ಕಲಮುಗಳನ್ನು ಅನುದಾನಕ್ಕೆ ತಕ್ಕ ಕಟ್ಟುಪಾಡೆಂದು ಒಪ್ಪಿತು. ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಅಂಶ ಅದೇ ಅಭಿಪ್ರಾಯದಲ್ಲಿದೆ. ರಾಜ್ಯಕ್ಕೆಲ್ಲ ಅನ್ವಯಿಸುವ ಶಾಸನದ ಮಟ್ಟಿಗೆ ಅಲ್ಪಸಂಖ್ಯಾತರು ಯಾರೆಂಬುದನ್ನು ಇಡೀ ರಾಜ್ಯದ ಜನಸಂಖ್ಯೆಯ ಲೆಕ್ಕದಲ್ಲಿ ನೋಡಬೇಕು, ಒಂದು ಪ್ರದೇಶದ ಲೆಕ್ಕದಲ್ಲಲ್ಲ ಎಂದು ನ್ಯಾಯಾಲಯ ಹೇಳಿತು. ಊರಿನಲ್ಲಿ ಬಹುಸಂಖ್ಯಾತರಾಗಿದ್ದೂ ರಾಜ್ಯದಲ್ಲಿ ಅಲ್ಪಸಂಖ್ಯಾತರಾದ ನಮ್ಮಂಥ ಭಾಷಿಕರಿಗೆ ಈ ಮಾತು ದೊಡ್ಡ ಊರೆಗೋಲು. ಮುಂಡಶ್ಶೇರಿಯವರ ಮಸೂದೆಯನ್ನು ಪ್ರಶ್ನಿಸಲು ಹೋಗಿ ದೊರೆತ ರಕ್ಷಣೆಯಿದು.

ತಿದ್ದುಪಡಿಗೊಂಡ ಮಸೂದೆ 1959ರ ಫೆಬ್ರವರಿಯಲ್ಲಿ ಅಂಕಿತ ಪಡೆದು ಜೂನ್ 1ರಿಂದ ಜಾರಿಗೆ ಬಂತು. ಅದೇ ಜೂನಿನಲ್ಲಿ ವಿಮೋಚನಾ ಸಮರ ಭುಗಿಲೆದ್ದಿತು. ಜುಲೈ 31ರಂದು ಸರಕಾರವೇ ವಜಾಗೊಂಡಿತು. ಶಾಸನ ಜಾರಿಗೆ ಬಂದು ಎರಡು ತಿಂಗಳಲ್ಲಿ ಅದನ್ನು ಬರೆದ ಮಂತ್ರಿ ಮನೆಗೆ ಹೋದರು! ಅವರ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಸಂಬಳದ ಸುಧಾರಣೆ, ಲೋಕಸೇವಾ ಆಯೋಗದ ಪಟ್ಟಿಯಿಂದ ನೇಮಕಾತಿ, ಶಾಲೆಗಳ ಸ್ವಾಧೀನ ಇವೆಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತು ನಡೆದುದು ಆತುರದ ಹೆಜ್ಜೆ. ಕ್ರೈಸ್ತ ಸಭೆಗಳೂ ಮನ್ನತ್ತು ಪದ್ಮನಾಭನ್ ಅವರ ನಾಯರ್ ಸಮಾಜವೂ ಒಂದಾಗುವಂತೆ ಮಾಡಿದ ಕೀರ್ತಿ ಆ ಆತುರಕ್ಕೆ ಸಲ್ಲಬೇಕು. ಆದರೆ 1960ರಲ್ಲಿ ಬಂದ ಎದುರಾಳಿಗಳ ಸರಕಾರವು ನೇಮಕಾತಿಯ ಅಧಿಕಾರವನ್ನು ಮರಳಿ ವ್ಯವಸ್ಥಾಪಕರಿಗೆ ಬಿಟ್ಟಿತೇ ಹೊರತು, ಅಧ್ಯಾಪಕರ ಸಂಬಳವನ್ನು ಮರಳಿ ಅವರ ಕೈಗೆ ಕೊಡಲಿಲ್ಲ. ಬರೆದವನನ್ನು ಕೆಳಗಿಳಿಸಿದವರೂ ಆತ ಬರೆದುದನ್ನು ಅಳಿಸಲಿಲ್ಲ. ರಾಜಕಾರಣಿಯೊಬ್ಬನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ?

ಮುಂಡಶ್ಶೇರಿಯವರೇ ಮೊದಲಿಗರೆಂದು ಹಾಡಿ ಹೊಗಳಿದರೆ ಸತ್ಯಕ್ಕೆ ಅಪಚಾರ. ನಾವಿನ್ನೂ ಮದ್ರಾಸು ರಾಜ್ಯದಲ್ಲಿದ್ದಾಗ, 1955ರಲ್ಲಿ, ಅಲ್ಲಿಯ ಸರಕಾರವು ಅನುದಾನಿತ ಶಾಲೆಗಳ ಅಧ್ಯಾಪಕರಿಗೆ ನಿವೃತ್ತಿ ವೇತನ, ಭವಿಷ್ಯನಿಧಿ, ವಿಮೆ ಈ ಮೂರನ್ನೂ ಕೂಡಿಸಿದ ತ್ರಿವಿಧ ಸೌಲಭ್ಯದ ಯೋಜನೆಯನ್ನು ತಂದಿತ್ತು. ಅದೊಂದು ಉದಾರ ಯೋಜನೆಯೇ. ಆದರೆ ಯೋಜನೆ ಬೇರೆ, ಶಾಸನ ಬೇರೆ. ಆಜ್ಞೆಯಿಂದ ಬಂದ ಸೌಲಭ್ಯ ಇನ್ನೊಂದು ಆಜ್ಞೆಯಿಂದ ಹೋಗಬಹುದು. ಶಾಸನಸಭೆಯ ಮುಂದೆ ಬಂದು, ಸರ್ವೋಚ್ಚ ನ್ಯಾಯಾಲಯದ ಪರೀಕ್ಷೆಗೆ ನಿಂತು, ಗೆದ್ದ ಹಕ್ಕನ್ನು ತೆಗೆಯುವುದು ಅಷ್ಟು ಸುಲಭವಲ್ಲ.

ಇದರ ಫಲವನ್ನು ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ಕಾಣಬಹುದು. ಬಸ್ಸು ಕೂಡ ಸರಿಯಾಗಿ ಬಾರದ ಊರಿನ ಕನ್ನಡ ಶಾಲೆಗೆ ಓದಿದ ತರುಣ ತರುಣಿಯರು ಬಂದು ನೆಲೆಸಿದರೆ, ಅದಕ್ಕೆ ಭಾಷಾಭಿಮಾನದ ಜೊತೆಗೆ ಖಚಿತವಾದ ಸಂಬಳವೂ ಕಾರಣ. ಸಂಜೆಯ ಹೊತ್ತು ಯಕ್ಷಗಾನದ ಅರ್ಥಗಾರಿಕೆಗೂ ಕಾವ್ಯಕ್ಕೂ ಗ್ರಂಥಾಲಯಕ್ಕೂ ಮನಸ್ಸು ಕೊಡಬಲ್ಲ ಒಂದು ಅಧ್ಯಾಪಕ ವರ್ಗ ಇಲ್ಲಿ ಬೆಳೆಯಿತು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಯವರು ನಿವೃತ್ತಿಯ ಬಳಿಕವೂ ದಶಕಗಳ ಕಾಲ ಗಡಿನಾಡಿನ ದನಿಯಾಗಿ ಬಾಳಿ, ನೂರು ತುಂಬಿದ ಮೇಲೆ 2015ರಲ್ಲಿ ಅಗಲಿದರು. ನಿವೃತ್ತ ಅಧ್ಯಾಪಕರನ್ನು ತೆಗೆದು ನೋಡಿದರೆ ನಮ್ಮ ಕನ್ನಡ ಸಂಘಗಳಲ್ಲಿ ಉಳಿಯುವವರೆಷ್ಟು ಜನ?

ಹೀಗಿದ್ದೂ ನಾವು ಮುಂಡಶ್ಶೇರಿಯವರನ್ನು ಮರೆತುದಕ್ಕೆ ಕಾರಣವಿಲ್ಲದಿಲ್ಲ. 1956ರ ನವೆಂಬರ್ 1ರ ಗಾಯ ಆಗಿನ್ನೂ ಹಸಿಯಾಗಿತ್ತು. ಕೇರಳದ ವಿದ್ಯಾಮಂತ್ರಿಯೆಂದರೆ ನಮಗೆ ಬೇಡವಾದ ರಾಜ್ಯದ ಮಂತ್ರಿ. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ ಮೇಲಂತೂ ಕಣ್ಣೆಲ್ಲ ಆ ಕಡೆಗೇ. ವಿಲೀನದ ಬೇಡಿಕೆಯ ನ್ಯಾಯವನ್ನು ಇಲ್ಲಿ ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಮನೆಯ ಮೇಲೆ ವ್ಯಾಜ್ಯವಿದ್ದರೂ ಮಾಡಿಗೆ ಹೆಂಚು ಹೊದಿಸಿದವನನ್ನು ನೆನೆಯಬಾರದೆಂಬ ವಿಧಿಯಿಲ್ಲವಷ್ಟೆ. ಅವರ ಹೆಸರಿನಲ್ಲಿ ಕೇರಳದ ಅಲ್ಪಸಂಖ್ಯಾತ ಕಲ್ಯಾಣ ಇಲಾಖೆ ವಿದ್ಯಾರ್ಥಿವೇತನ ಕೊಡುತ್ತದೆ. ಅಲ್ಪಸಂಖ್ಯಾತರ ವಿರೋಧಿಯೆಂದು ಒಮ್ಮೆ ನಿಂದೆಗೊಳಗಾದವರ ಹೆಸರು ಅಲ್ಲಿಗೆ ಬಂದು ನಿಂತುದನ್ನು ನೋಡಿ ಅವರು ನಗುತ್ತಿದ್ದರೇನೋ.

ವಿದ್ಯಾರ್ಥಿವೇತನ, ಜಯಂತಿ, ಭಾವಚಿತ್ರಗಳಿಂದ ಅವರ ನೆನಪು ಉಳಿಯಬಹುದು. ಕೆಲಸ ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2013ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಕೇರಳವು ಪಾಲುದಾರಿಕೆಯ ನಿವೃತ್ತಿ ವೇತನವನ್ನು ವಿಧಿಸಿತು. ಅನುದಾನಿತ ಶಾಲೆಗಳ ಅಧ್ಯಾಪಕರೂ ಅದರೊಳಗಾದರು. ಅಂದಿನಿಂದ ಒಂದೇ ಅಧ್ಯಾಪಕರ ಕೊಠಡಿಯಲ್ಲಿ ಎರಡು ಬಗೆಯ ಮುಪ್ಪು ಕಾದು ಕುಳಿತಿದೆ. ಹಿಂದಿನವರು ಮೂವತ್ತು ವರ್ಷ ದುಡಿದರೆ ಕೊನೆಯ ಹತ್ತು ತಿಂಗಳ ಸರಾಸರಿ ವೇತನದ ಅರ್ಧ ಖಚಿತ; ಮೇಲೆ ತುಟ್ಟಿಭತ್ಯೆಯ ಪರಿಹಾರ, ಕಾಲಾನಂತರ ಕುಟುಂಬಕ್ಕೂ ಒಂದು ಪಾಲು. ಹೊಸಬರು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ನ್ನು ತಿಂಗಳು ತಿಂಗಳೂ ಕಟ್ಟಬೇಕು, ಸರಕಾರವೂ ತನ್ನ ಪಾಲು ಸೇರಿಸುತ್ತದೆ, ಮೊತ್ತ ಮಾರುಕಟ್ಟೆಗೆ ಹೋಗುತ್ತದೆ. ಅರುವತ್ತನೆಯ ವಯಸ್ಸಿನಲ್ಲಿ ಅದು ಎಷ್ಟಾಗಿ ಮರಳುವುದೆಂದು ಯಾರೂ ಬರೆದುಕೊಟ್ಟಿಲ್ಲ. ಹಿಂದೆ ಅಧ್ಯಾಪಕನ ವಾರ್ಧಕ್ಯ ವ್ಯವಸ್ಥಾಪಕರ ಮರ್ಜಿಯಲ್ಲಿತ್ತು. ಹೊಸ ಪದ್ಧತಿ ಅದನ್ನು ಪೇಟೆಯ ಮರ್ಜಿಗೆ ಒಪ್ಪಿಸಿತು.

ರಾಜ್ಯದ ಬೊಕ್ಕಸದ ಸ್ಥಿತಿಯನ್ನು ಮುಂದಿಡುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಕೇರಳದ ಆದಾಯದ ಬಹುದೊಡ್ಡ ಪಾಲು ಸಂಬಳಕ್ಕೂ ನಿವೃತ್ತಿ ವೇತನಕ್ಕೂ ಹೋಗುತ್ತದೆ. ಜನರ ಆಯುಷ್ಯವೂ ಬೆಳೆದಿದೆ. ಆದರೆ ಖಚಿತತೆಯನ್ನು ಪೂರ್ತಿ ಕೈಬಿಡುವುದೊಂದೇ ದಾರಿಯೇನೂ ಅಲ್ಲ. ರಾಜಸ್ಥಾನ, ಹಿಮಾಚಲ ಪ್ರದೇಶಗಳು ಹಳೆಯ ಪದ್ಧತಿಗೆ ಮರಳುವ ನಿರ್ಧಾರ ಕೈಗೊಂಡವು. ಕೇಂದ್ರ ಸರಕಾರವೇ 2025ರ ಏಪ್ರಿಲ್‌ನಿಂದ ತನ್ನ ನೌಕರರಿಗೆ, ಇಪ್ಪತ್ತೈದು ವರ್ಷ ಸೇವೆಗೆ ಸರಾಸರಿ ಮೂಲವೇತನದ ಅರ್ಧದ ಭರವಸೆ ನೀಡುವ ಏಕೀಕೃತ ಯೋಜನೆಯನ್ನು ತಂದಿತು. ನೌಕರನಿಂದ ಪಾಲು ಪಡೆಯುವುದನ್ನೂ ಖಚಿತತೆಯನ್ನೂ ಜೊತೆಗೂಡಿಸಬಹುದೆಂಬುದಕ್ಕೆ ಅದೇ ದೃಷ್ಟಾಂತ.

ಕನ್ನಡ ಶಾಲೆಗಳ ಪಾಲಿಗೆ ಇದಕ್ಕಿಂತಲೂ ಹತ್ತಿರದ ಆತಂಕವೊಂದಿದೆ. ಮಕ್ಕಳ ಸಂಖ್ಯೆ ಇಳಿದು ಡಿವಿಷನ್ ಹೋದಾಗ ಹುದ್ದೆಯೂ ಹೋಗುತ್ತದೆ. ಆ ಜಾಗದಲ್ಲಿ ದಿನಗೂಲಿಯ ಲೆಕ್ಕದಲ್ಲಿ ಪಾಠ ಹೇಳುವವರು ಬರುತ್ತಾರೆ. ನೇಮಕಾತಿಯ ಅಂಗೀಕಾರಕ್ಕಾಗಿ ವರ್ಷಗಟ್ಟಲೆ ಕಾಯುವವರೂ ಇದ್ದಾರೆ. ಹಳೆಯದೋ ಹೊಸದೋ, ಯಾವ ನಿವೃತ್ತಿ ವೇತನವೂ ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೇಮಕಾತಿಗೆ ದೇಣಿಗೆ ಕೇಳುವ ಪಿಡುಗಿನ ಕುರಿತೂ ಹೇಳಲೇಬೇಕು: ಸಂಬಳ ಸರಕಾರದ್ದು, ಆಯ್ಕೆ ಆಡಳಿತದ್ದು ಎಂಬ ಅರೆ ವ್ಯವಸ್ಥೆ ಮುಂಡಶ್ಶೇರಿಯವರು ಬಯಸಿದ್ದಲ್ಲ. 1960ರಲ್ಲಿ ಕತ್ತರಿಸಿದ ಕೊಂಬೆಯ ಬುಡದಿಂದ ಒಡೆದ ಚಿಗುರು ಅದು.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗಳು ಕಮಾನು ಕಟ್ಟಿಸುತ್ತವೆ, ರಂಗಮಂಟಪ ಕಟ್ಟಿಸುತ್ತವೆ. ಜೊತೆಗೆ ಇನ್ನೆರಡು ಕೆಲಸಗಳನ್ನು ಅಲ್ಪ ಖರ್ಚಿನಲ್ಲಿ ಮಾಡಬಹುದು. ಶಿಕ್ಷಣ ಶಾಸನದ ಸಂಬಳ, ಸೇವೆ, ನಿವೃತ್ತಿಗಳ ಭಾಗವನ್ನು ತಿಳಿಗನ್ನಡದಲ್ಲಿ ಬರೆಯಿಸಿ ಚಿಕ್ಕ ಹೊತ್ತಗೆಯಾಗಿ ಪ್ರತಿ ಅಧ್ಯಾಪಕರ ಕೈಗೆ ಕೊಡಬೇಕು. ತನ್ನ ಹಕ್ಕು ಯಾವ ಕಲಮಿನಲ್ಲಿದೆಯೆಂದು ಅರಿಯದವನು ಅದನ್ನು ಕೇಳುವುದೆಂತು? ಹಳೆಯ ಅಧ್ಯಾಪಕರ ನೇಮಕಾತಿ ಪತ್ರ, ಸಂಬಳದ ಪುಸ್ತಕ, ಆಡಳಿತದೊಡನೆ ನಡೆದ ಪತ್ರವ್ಯವಹಾರಗಳು ಇನ್ನೂ ಕೆಲವರ ಮನೆಯ ಪೆಟ್ಟಿಗೆಗಳಲ್ಲಿವೆ. ಗೆದ್ದಲು ಮುಟ್ಟುವ ಮೊದಲು ಅವುಗಳ ಪ್ರತಿ ತೆಗೆಸಿ ಶಾಲೆಯ ಗ್ರಂಥಾಲಯದಲ್ಲಿ ಇರಿಸಬೇಕು. 1959ರ ಮೊದಲು ಕೆಲಸಕ್ಕೆ ಸೇರಿ ಎರಡೂ ಕಾಲವನ್ನು ಕಂಡ ಅಧ್ಯಾಪಕರು ಇಂದು ಉಳಿದಿದ್ದರೆ ತೊಂಬತ್ತರ ಆಸುಪಾಸಿನವರು. ಅವರ ಮನೆಗೆ ಹೋಗಿ ಮಾತು ಕೇಳಿ ಬರೆದುಕೊಳ್ಳುವ ಕೆಲಸ ಮಹೋತ್ಸವ ಸಮಿತಿಯವರು ವಿಸರ್ಜನೆಯ ಸಭೆ ಸೇರುವ ಮೊದಲೇ ಆಗಬೇಕಾಗಿದೆ.