ಮೋಟಾರ್‌ಸೈಕಲ್ಲಿನ ದೀಪವೂ ಎದುರಿನವನ ಕಣ್ಣೂ

ಮುಂಬಯಿಯ ನಮ್ಮ ಹೊಟೇಲುಗಳಲ್ಲಿ ಕೊನೆಯ ಗಿರಾಕಿ ಎದ್ದು, ಗಲ್ಲೆಯ ಲೆಕ್ಕ ಮುಗಿದು, ಬಾಗಿಲೆಳೆಯುವಾಗ ರಾತ್ರಿ ಒಂದು ಗಂಟೆಯಾಗುವುದುಂಟು. ಕಡೆಯ ಲೋಕಲ್ ತಪ್ಪಿದವರು ಮೋಟಾರ್‌ಸೈಕಲ್ ಏರಿ ಮೀರಾ ರೋಡಿಗೋ ಡೊಂಬಿವಲಿಗೋ ಹೊರಡುತ್ತಾರೆ. ಇಂತಹ ಬಂಧುಗಳಲ್ಲಿ ಅನೇಕರು ತಮ್ಮ ವಾಹನದ ದೀಪ ಸಾಲದೆಂದು ಪೇಟೆಯಿಂದ ಎಲ್‌ಇಡಿ ಬಲ್ಬು ತಂದು ಹಳೆಯ ಹ್ಯಾಲೊಜನ್ನಿನ ಜಾಗದಲ್ಲಿ ತುರುಕಿಸುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ದೀಪ ಸಾಲದೆಂಬ ದೂರು ಸುಳ್ಳಲ್ಲ. ಆದರೆ ಈ ಪರಿಹಾರವು ಸರಿಯಾದುದಲ್ಲವೆಂದು ನಾವು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ಈ ತಪ್ಪನ್ನು ನಾವೂ ಮಾಡಿದವರೇ. ಹೊಟೇಲು ನಡೆಸುತ್ತಿದ್ದ ದಿನಗಳಲ್ಲಿ ನಸುಕಿಗೆ ತರಕಾರಿ ತರಲು ಹೋಗುವುದಕ್ಕೆಂದು ಅಂತಹುದೊಂದು ಬಲ್ಬು ಹಾಕಿಸಿದ್ದೆವು. ಮೂರನೆಯ ದಿನವೇ, ಎದುರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಪಾವಿನವನು ಕಣ್ಣು ಕುಕ್ಕಿ ದಾರಿಕಾಣದೆ ಚರಂಡಿಗಿಳಿದನು. ದೈವಕೃಪೆಯಿಂದ ಪೆಟ್ಟಾಗಲಿಲ್ಲ. ನೆಲದ ಪಾಲಾದ ಪಾವಿನ ಹಣವನ್ನು ಕೊಟ್ಟಾಗ ಆತನು, “ಸೇಠ್, ಇದೇನು ದೀಪವೋ ಸೂರ್ಯನೋ?” ಎಂದು ಕೇಳಿದನು. ಅಂದೇ ಅದನ್ನು ಕೀಳಿಸಿದೆವು.

ಇದರ ಕಾರಣವು ಸರಳವಾಗಿದೆ. ಹ್ಯಾಲೊಜನ್ ಬಲ್ಬಿನ ತಂತಿಯು ಪ್ರತಿಫಲಕದ ನಾಭಿಯಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಲ್ಲತಕ್ಕದ್ದೆಂದು ಇಡೀ ದೀಪವನ್ನು ರಚಿಸಿರುತ್ತಾರೆ. ಕೆಳಬೆಳಕಿನ ತಂತಿಯ ಅಡಿಯಲ್ಲಿರುವ ಪುಟ್ಟ ಲೋಹದ ಬಟ್ಟಲು, ಮೇಲಕ್ಕೆ ಹಾರುವ ಕಿರಣಗಳನ್ನು ತಡೆಯುತ್ತದೆ. ಆ ಜಾಗದಲ್ಲಿ ಬೇರೆ ಆಕಾರದ ಎಲ್‌ಇಡಿಯನ್ನು ಇಟ್ಟರೆ ಬೆಳಕು ಚೆದರಿ ಮರದ ಕೊಂಬೆಗೂ ಎದುರಿನವನ ಮುಖಕ್ಕೂ ಹೋಗುತ್ತದೆ. ರಸ್ತೆಯ ಗುಂಡಿ ಮಾತ್ರ ಕತ್ತಲಲ್ಲೇ ಉಳಿಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದೆಂದು ವಿಧಿಸುತ್ತದೆ. ಅಂಗಡಿಯವನು ಇದನ್ನು ಹೇಳುವುದಿಲ್ಲ.

ಹ್ಯಾಲೊಜನ್ನಿನಲ್ಲಿಯೇ ದೊಡ್ಡದನ್ನು ಹಾಕೋಣವೆನ್ನುವವರೂ ಇದ್ದಾರೆ. 35 ವ್ಯಾಟಿನ ಬಲ್ಬು ಸುಮಾರು 3 ಆಂಪಿಯರ್ ಎಳೆದರೆ 60 ವ್ಯಾಟಿನದು 5 ಎಳೆಯುತ್ತದೆ. ಸಣ್ಣ ವಾಹನದ ತೆಳು ತಂತಿಯೂ ಸ್ವಿಚ್ಚೂ ಇದನ್ನು ತಾಳಲಾರವು. ಹೋಲ್ಡರು ಕರಗುವುದೂ ಉಂಟು. 2017ರ ಏಪ್ರಿಲಿನಿಂದೀಚೆಗಿನ ವಾಹನಗಳಲ್ಲಂತೂ ದೀಪವು ಹಗಲೂ ಉರಿಯುತ್ತಿರುತ್ತದೆ. ಕಾರ್ಖಾನೆಯವರೇ 60 ವ್ಯಾಟು ಕೊಟ್ಟಿರುವ ವಾಹನದ ಮಾತು ಬೇರೆ.

ಹಾಗಾದರೆ ಕತ್ತಲಲ್ಲೇ ಹೋಗಬೇಕೆ? ಬೇಡ. ಮೊದಲು ಹಳದಿಗಟ್ಟಿದ ಗಾಜನ್ನು ನೋಡಿರಿ. ಉಜ್ಜಿದರೂ ತಿಳಿಯಾಗದಿದ್ದರೆ ಬದಲಾಯಿಸಿರಿ. ಬಳಿಕ ಮೆಕ್ಯಾನಿಕನಿಂದ ಬಲ್ಬಿನ ಬುಡದಲ್ಲಿ ವೋಲ್ಟೇಜು ಅಳೆಯಿಸಿರಿ. ವೋಲ್ಟೇಜು ನೂರಕ್ಕೆ 10 ಪಾಲು ಇಳಿದರೆ ಹ್ಯಾಲೊಜನ್ನಿನ ಬೆಳಕು ಸುಮಾರು 30 ಪಾಲು ಇಳಿಯುತ್ತದೆ. ತುಕ್ಕುಹಿಡಿದ ಅರ್ಥ್ ತಂತಿಯನ್ನು ಕೆರೆದು ಬಿಗಿಸಿದ ಮಾತ್ರಕ್ಕೆ ಮುದಿ ದೀಪಗಳು ಯೌವನ ಪಡೆದುದನ್ನು ನಾವು ಕಂಡಿದ್ದೇವೆ. ಬ್ಯಾಟರಿಯಿಂದ ರಿಲೇ ಮೂಲಕ ನೇರ ತಂತಿ ಎಳೆಯಿಸಿದರೆ ಇನ್ನೂ ಉತ್ತಮ. ಎಲ್‌ಇಡಿಯೇ ಬೇಕೆಂಬವರು ಬಲ್ಬನ್ನಲ್ಲ, ತಮ್ಮ ಮಾದರಿಗೆಂದೇ ತಯಾರಕರು ಮಾಡಿದ ಇಡೀ ದೀಪವು ದೊರೆಯುವುದಾದರೆ ಅದನ್ನು ಕೊಳ್ಳಲಿ. ಮಳೆಗಾಲದಲ್ಲಿ ಊರಿಗೆ ಬೈಕಿನಲ್ಲೇ ಹೋಗುವ ಸಾಹಸಿಗಳು ಒಂದನ್ನು ನೆನಪಿಡಲಿ: ಆಗುಂಬೆಯ ಮಂಜಿನಲ್ಲಿ ಎಂತಹ ದೀಪದ ಮೇಲ್ಬೆಳಕೂ ಬಿಳಿಯ ಪರದೆಯಾಗಿ ಕಣ್ಣಿಗೇ ಮರಳುತ್ತದೆ, ಅಲ್ಲಿ ಕೆಳಬೆಳಕೇ ಗತಿ.

ಕೊನೆಯದಾಗಿ, ಬೆಳಕಿನ ಓಟವನ್ನು ಸರಿಪಡಿಸಿಕೊಳ್ಳತಕ್ಕದ್ದು. ಗೋಡೆಯ ಮೇಲೆ ದೀಪದ ನಡುವಿನ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಏಳೆಂಟು ಮೀಟರು ದೂರದಲ್ಲಿ ವಾಹನವನ್ನು ನೆಟ್ಟಗೆ ನಿಲ್ಲಿಸಿ, ಕೆಳಬೆಳಕಿನ ಮೇಲಂಚು ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬರುವಂತೆ ತಿರುಪನ್ನು ತಿರುಗಿಸಬೇಕು. ಹಿಂದೆ ಭಾರ ಕುಳಿತಾಗ ಬೆಳಕು ಮೇಲೇಳುವುದರಿಂದ, ದಿನವೂ ಜೊತೆಗೆ ಬರುವವನನ್ನು ಕೂರಿಸಿಕೊಂಡೇ ಈ ಪರೀಕ್ಷೆ ಮಾಡಿರಿ. ಆತನು ಅಡುಗೆಭಟ್ಟನಾಗಿದ್ದರೆ ತಿರುಪನ್ನು ಇನ್ನೊಂದು ಸುತ್ತು ಹೆಚ್ಚು ತಿರುಗಿಸಬೇಕಾದೀತು.