ಕರೆಂಟಿಗೂ ಒಂದು ಹಗೇವು ಬೇಕು

ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಯಾರಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ, ಕೂಡಿಡುವುದರಲ್ಲಿ ಬಿದ್ದಿದ್ದೇವೆ ಅಂತ ನನ್ನ ಅಭಿಪ್ರಾಯ. ಹಗೇವಿನಲ್ಲಿ ರಾಗಿ ತುಂಬಿದರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ ಅಂತ ನಮ್ಮಜ್ಜಿ ಹೇಳ್ತಾರೆ. ಕರೆಂಟಿಗೆ ಅಂಥ ಹಗೇವು ಇಲ್ಲ.

ಲೋಕಪಾವನಿ ಹೊಳೆ ಕಡೆ ಹೋಗುವ ದಾರಿಯಲ್ಲಿ ಸೋಲಾರ್ ದೀಪದ ಕಂಬ ಇದೆಯಲ್ಲ, ಅದು ಹಾಕಿದ ಮೂರನೇ ವರ್ಷಕ್ಕೇ ಕೆಟ್ಟುಹೋಯ್ತು. ಮೇಲಿನ ಹಲಗೆ ಚೆನ್ನಾಗಿದೆ, ಬಲ್ಬೂ ಚೆನ್ನಾಗಿದೆ. ಹೋಗಿರೋದು ಬ್ಯಾಟರಿ ಮಾತ್ರ. ಹುಲ್ಲು ಹೊತ್ತು ಬರುವ ಅಮ್ಮಂದಿರು ಹಾವಿಗೆ ಹೆದರಿ ಕಾಲು ಬಡಿಯುತ್ತಾ ಬರ್ತಾರೆ. ಕೇಳಿದರೆ "ಹೊಸ ಕಂಬ ಬರ್ತದೆ" ಅಂತಾರೆ. ಹೊಸ ಕಂಬ ಯಾಕೆ?

ಬ್ಯಾಟರಿಯೊಳಗೆ ಪ್ರತಿಸಲವೂ ರಾಸಾಯನಿಕ ಕ್ರಿಯೆ ನಡೆಯುತ್ತದೆ, ಅದಕ್ಕೇ ಸವೆಯುತ್ತದೆ. ಸೂಪರ್ ಕೆಪಾಸಿಟರ್ ಅಂತ ಇನ್ನೊಂದಿದೆ. ಅದರಲ್ಲಿ ವಿದ್ಯುತ್ತಿನ ಕಣಗಳು ಒಳಗಿನ ಪದರದ ಮೈಗೆ ಅಂಟಿಕೊಂಡು ಕೂತು, ಬೇಕಾದಾಗ ಬಿಟ್ಟು ಬರುತ್ತವೆ. ಲಕ್ಷಗಟ್ಟಲೆ ಸಲ ತುಂಬಿ ಖಾಲಿ ಮಾಡಬಹುದು. ದಿನಕ್ಕೊಂದು ಸಲ ಅಂದರೆ ಹತ್ತು ವರ್ಷಕ್ಕೆ ಬರೀ 3,650 ಸಲ ತಾನೇ! ತೊಂದರೆ ಏನಂದ್ರೆ, ಅಷ್ಟೇ ತೂಕದ ಬ್ಯಾಟರಿಯಷ್ಟು ಇದು ಹಿಡಿಯಲ್ಲ. ಜಾಸ್ತಿ ಹಿಡಿಯಬೇಕಾದರೆ ಒಳಮೈ ಅಗಲವಾಗಬೇಕು.

ಅಂಥ ಅಗಲದ ಮೈ ಇರುವ ವಸ್ತುಗಳನ್ನು ಮಾಡಿದ್ದಕ್ಕೇ 2025ರಲ್ಲಿ ಕಿಟಗಾವಾ, ರಾಬ್ಸನ್, ಯಾಘಿ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಹೆಸರು ಲೋಹ-ಸಾವಯವ ಚೌಕಟ್ಟು. ಒಣಗಿದ ಹೀರೇಕಾಯಿ ನಾರಿನ ಹಾಗೆ ಒಳಗೆಲ್ಲ ತೂತು, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ಬಗೆಯದರಲ್ಲಿ ಒಂದು ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ ಸುಮಾರು 4,500 ಚದರ ಮೀಟರ್, ಅಂದರೆ ಎಕರೆಗಿಂತ ಜಾಸ್ತಿ. ನಮ್ಮ ಮನೆಯ ಜಮೀನು ಇರೋದೇ ಮೂವತ್ತು ಗುಂಟೆ!

ಆದರೆ ಈ ಪುಡಿಗಳಲ್ಲಿ ಬಹಳಷ್ಟು ಕರೆಂಟನ್ನು ಸರಿಯಾಗಿ ಹರಿಸಲ್ಲ, ಕೆಲವು ನೀರು ತಾಗಿದರೆ ಕುಸಿಯುತ್ತವೆ. ಅದಕ್ಕೆ ಕರೆಂಟ್ ಹರಿಸುವ ಇಂಗಾಲದ ಜೊತೆ ಬೆರೆಸಿ ನೋಡ್ತಿದ್ದಾರೆ. ಇಂಗಾಲದ ತೆಳು ಹಾಳೆಯಾದ ಗ್ರಾಫೀನಿನಿಂದ ಸೂಪರ್ ಕೆಪಾಸಿಟರ್ ಮಾಡುವ ಸಂಶೋಧನೆಯನ್ನು ನಮ್ಮ ಸಿ.ಎನ್.ಆರ್. ರಾವ್ ಅವರ ತಂಡ 2008ರಲ್ಲೇ ಪ್ರಕಟಿಸಿದೆ, ಬೆಂಗಳೂರಿನಿಂದ.

ಇದೆಲ್ಲ ಪೇಟೆಯವರ ಕಾರಿಗೆ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಪೇಟೆಯಲ್ಲಿ ಬ್ಯಾಟರಿ ಕೆಟ್ಟರೆ ಪಕ್ಕದಲ್ಲೇ ಅಂಗಡಿ ಇರುತ್ತೆ. ಬೇಗ ಕೆಡದೇ ಇರೋದು ಮೊದಲು ಬೇಕಾಗಿರೋದು ಹಳ್ಳಿಗೆ. ಅದು ಬರುವ ತನಕ ಹೊಸ ಕಂಬದ ದುಡ್ಡಿನಲ್ಲಿ ಹಳೇ ಕಂಬಗಳಿಗೆ ಬ್ಯಾಟರಿ ಹಾಕಿಸಲಿ. ಮಕ್ಕಳ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳ್ತೀನಿ. ನಮ್ಮ ಕ್ಲಾಸಿನಿಂದ ಇನ್ನೂ ಇಬ್ಬರು ಎದ್ದು ನಿಂತರೆ ಒಳ್ಳೇದು.

– 7ನೇ ತರಗತಿ